ಬೇರೆಯವರು ಹಚ್ಚಿದ್ದು

ಮುಂಬೈಯ ಬಾಂದ್ರಾ ಆಗಲಿ, ಪುಣೆಯ ಔಂಧ್ ಆಗಲಿ, ಹೈದರಾಬಾದಿನ ಬಂಜಾರಾ ಹಿಲ್ಸ್ ಆಗಲಿ, ಉಗುರಿನ ಸಲೂನಿಗೆ ಹೋದವರು ಅಲ್ಲಿಯ ದರಪಟ್ಟಿಯನ್ನು ಕೊನೆಯವರೆಗೆ ಓದುವುದು ಕಡಿಮೆ. ಬಣ್ಣ, ಆಕಾರ, ಉದ್ದ, ಮೇಲೆ ಅಂಟಿಸುವ ಹರಳು ಇವುಗಳ ಮೇಲೆಯೇ ಕಣ್ಣು ನಿಂತುಬಿಡುತ್ತದೆ. ಪಟ್ಟಿಯ ತುದಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿರುತ್ತದೆ: ನಮ್ಮಲ್ಲಿ ಹಚ್ಚಿದ್ದನ್ನು ತೆಗೆಯಲು ಇಷ್ಟು, ಬೇರೆ ಕಡೆ ಹಚ್ಚಿದ್ದನ್ನು ತೆಗೆಯಲು ಇಷ್ಟು. ಎರಡನೆಯ ಅಂಕಿ ಮೊದಲನೆಯದಕ್ಕಿಂತ ದೊಡ್ಡದು. ಕೆಲವು ಕಡೆ ಅಂಕಿಯೇ ಇರುವುದಿಲ್ಲ, 'ಬೇರೆ ಸಲೂನಿನ ಕೆಲಸ ತೆಗೆಯುವುದಿಲ್ಲ' ಎಂದಷ್ಟೇ ಇರುತ್ತದೆ. ಇನ್ನು ಕೆಲವರದು ಮೂರನೆಯ ದಾರಿ. ಹೊಸದನ್ನು ಇಲ್ಲೇ ಹಾಕಿಸಿಕೊಂಡರೆ ಹಳೆಯದನ್ನು ತೆಗೆದುಕೊಡುತ್ತಾರೆ. ಬರೀ ತೆಗೆಸಲು ಬಂದವರನ್ನು ಕುರ್ಚಿಗೆ ಹತ್ತಿಸುವುದಿಲ್ಲ.

ಮೊದಲ ಸಲ ಈ ಸಾಲನ್ನು ಕಂಡವರಿಗೆ ಸಿಟ್ಟು ಬರುವುದು ಸಹಜ. ಹಚ್ಚುವುದು ಕಷ್ಟದ ಕೆಲಸ, ಸರಿ. ತೆಗೆಯುವುದರಲ್ಲಿ ಏನಿದೆ? ಹತ್ತಿ, ಒಂದಿಷ್ಟು ಅಸಿಟೋನ್, ಹತ್ತು ನಿಮಿಷ. ಅದಕ್ಕೂ ನಮ್ಮದು ನಿಮ್ಮದು ಎಂಬ ಭೇದವೆಂದರೆ ಗಿರಾಕಿಯನ್ನು ಕಟ್ಟಿಹಾಕುವ ಉಪಾಯವಲ್ಲದೆ ಮತ್ತೇನು? ಹೀಗೆ ಅಂದುಕೊಂಡು ಎದ್ದು ಬಂದವರು ಮನೆಯಲ್ಲಿ ಟಿವಿ ನೋಡುತ್ತ ಒಂದೊಂದೇ ಬೆರಳಿನ ಬಣ್ಣವನ್ನು ಚಕ್ಕೆ ಎಬ್ಬಿಸಿ ಕಿತ್ತುಕೊಳ್ಳುತ್ತಾರೆ. ಮರುದಿನ ಬಿಸಿ ಚಹಾದ ಲೋಟ ಹಿಡಿದಾಗ ಬೆರಳ ತುದಿ ಚುರುಗುಟ್ಟುತ್ತದೆ. ಬಣ್ಣದ ಜೊತೆ ಉಗುರಿನ ಮೇಲ್ಪದರವೂ ಕಿತ್ತು ಬಂದಿರುತ್ತದೆ.

ಕೈಬೆರಳಿನ ಉಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕೂದಲಿನಲ್ಲಿರುವ ಕೆರಾಟಿನ್ನೇ ಇಲ್ಲಿಯೂ ಇದೆ. ಹಪ್ಪಳದ ಹಾಗೆ ತೆಳುವಾದ ಸತ್ತ ಜೀವಕೋಶಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ಹೋದ ಪದರ ಅಲ್ಲೇ ಮತ್ತೆ ಹುಟ್ಟುವುದಿಲ್ಲ. ಚರ್ಮದ ಗಾಯ ಮಾಯುವಂತೆ ಉಗುರು ಮಾಯುವುದಿಲ್ಲ, ಬುಡದಿಂದ ಹೊಸದು ಬೆಳೆದು ಹಳೆಯದನ್ನು ಮುಂದಕ್ಕೆ ತಳ್ಳಬೇಕು. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಆರು ತಿಂಗಳು ಹಿಡಿಯುತ್ತದೆ. ಹತ್ತು ನಿಮಿಷದ ಅವಸರಕ್ಕೆ ಅರ್ಧ ವರ್ಷದ ಬೆಲೆ.

ತೆಗೆಯುವ ಕೆಲಸ ಸುಲಭವೋ ಕಷ್ಟವೋ ಎಂಬುದು ಹಚ್ಚಿದ್ದೇನು ಎಂಬುದರ ಮೇಲೆ ನಿಂತಿದೆ. ಮನೆಯಲ್ಲಿ ಹಚ್ಚಿಕೊಳ್ಳುವ ಸಾದಾ ಪಾಲಿಶ್ ಗಾಳಿಗೆ ಒಣಗುವಂಥದ್ದು, ರಿಮೂವರ್ ತಾಗಿದೊಡನೆ ಕರಗುತ್ತದೆ. ಜೆಲ್ ಪಾಲಿಶ್ ಒಣಗುವುದಲ್ಲ, ಗಟ್ಟಿಯಾಗುವುದು. ದೀಪದ ನೇರಳಾತೀತ ಬೆಳಕು ಬಿದ್ದಾಗ ಅದರೊಳಗಿನ ಸಣ್ಣ ಅಣುಗಳು ಕೈ ಕೈ ಹಿಡಿದು ಬಲೆಯಾಗುತ್ತವೆ. ಅದನ್ನು ಬಿಡಿಸಲು ಮೇಲಿನ ಹೊಳಪಿನ ಪದರವನ್ನು ಅರದಿಂದ ಉಜ್ಜಿ, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಟ್ಟು, ಫಾಯಿಲ್ ಸುತ್ತಿ, ಹತ್ತು ಹದಿನೈದು ನಿಮಿಷ ಕಾಯಬೇಕು. ಆಗ ಅದು ಉಬ್ಬಿ ಸಡಿಲವಾಗುತ್ತದೆ. ಹಾರ್ಡ್ ಜೆಲ್ ಎಂಬ ಇನ್ನೊಂದಿದೆ. ಇದರ ಬಲೆ ಎಷ್ಟು ಬಿಗಿಯೆಂದರೆ ಅಸಿಟೋನ್ ಒಳಗೆ ಇಳಿಯುವುದೇ ಇಲ್ಲ. ಗಂಟೆಗಟ್ಟಲೆ ನೆನೆಸಿದರೂ ಸುತ್ತಲಿನ ಚರ್ಮ ಒಣಗಿ ಬಿಳಿಚುತ್ತದೆಯೇ ಹೊರತು ಜೆಲ್ ಅಲ್ಲಾಡದು. ಅರದಿಂದ ಅಥವಾ ಇ-ಫೈಲ್ ಎಂಬ ತಿರುಗುವ ಯಂತ್ರದಿಂದ ತಿಕ್ಕಿಯೇ ಇಳಿಸಬೇಕು.

ಪುಡಿ ಮತ್ತು ದ್ರವ ಕಲಸಿ ಕಟ್ಟುವ ಅಕ್ರಿಲಿಕ್ ಅಸಿಟೋನಿಗೆ ಬಗ್ಗುತ್ತದೆ, ಆದರೆ ನಿಧಾನಕ್ಕೆ. ಡಿಪ್ ಪೌಡರಿನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಸೂಪರ್ ಗ್ಲೂ ಜಾತಿಯ ಅಂಟು, ಅದೂ ನೆನೆದು ಬಿಡುತ್ತದೆ. ಬಿಲ್ಡರ್ ಜೆಲ್ ಎಂಬ ಒಂದೇ ಹೆಸರಿನಡಿ ನೆನೆದು ಬಿಡುವ ಬಗೆಯೂ ಇದೆ, ಬಿಡದ ಬಗೆಯೂ ಇದೆ. ಮೇಲೆ ಗುಲಾಬಿ ಬಣ್ಣ ಬಳಿದು ಹೊಳಪು ಕೊಟ್ಟ ಮೇಲೆ ಇವೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ. ಕುರ್ಚಿಯಲ್ಲಿ ಕೂತವರನ್ನು "ಏನು ಹಾಕಿಸಿದ್ದೀರಿ?" ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿಯ ಉತ್ತರ "ಜೆಲ್ ಇರಬೇಕು". ಆ 'ಇರಬೇಕು' ಎಂಬುದಕ್ಕೇ ಸಲೂನಿನವರು ಹೆಚ್ಚಿನ ದರ ಹಾಕುವುದು. ತಮ್ಮದೇ ಕೆಲಸವಾದರೆ ಯಾವ ಡಬ್ಬಿ, ಎಷ್ಟು ಪದರ, ಯಾವ ದೀಪ ಎಲ್ಲ ಗೊತ್ತು. ಬೇರೆಯವರದಾದರೆ ಮೊದಲು ಒಂದು ಬೆರಳಿನಲ್ಲಿ ಪರೀಕ್ಷೆ ಮಾಡಿ, ಕಾದು, ಅದು ಏನೆಂದು ಪತ್ತೆ ಹಚ್ಚಬೇಕು.

ಪತ್ತೆಯಾದ ಮೇಲೆ ಹೆದರಿಸುವಂಥದ್ದೂ ಸಿಗುವುದುಂಟು. ಕೃತಕ ಉಗುರಿನ ಚರಿತ್ರೆ ಹೇಳುವವರು ಶುರು ಮಾಡುವುದು ಹಲ್ಲಿನ ಡಾಕ್ಟರಿಂದ. 1950ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಸ್ಲ್ಯಾಕ್ ಎಂಬ ದಂತವೈದ್ಯ ಮುರಿದ ತನ್ನ ಉಗುರನ್ನು ಹಲ್ಲಿಗೆ ಬಳಸುವ ಅಕ್ರಿಲಿಕ್‌ನಿಂದ ಸರಿಮಾಡಿಕೊಂಡನಂತೆ. ಹಲ್ಲಿನ ಸೆಟ್ಟಿಗೂ, ಕೀಲು ಬದಲಿಸುವಾಗ ಮೂಳೆಗೆ ಹಾಕುವ ಸಿಮೆಂಟಿಗೂ ಬಳಕೆಯಾಗುವ ಮೀಥೈಲ್ ಮೆಥಾಕ್ರಿಲೇಟ್, ಅಂದರೆ ಎಂಎಂಎ, ಹೀಗೆ ಉಗುರಿಗೂ ಬಂತು. ಅಗ್ಗ, ಗಟ್ಟಿ, ಭದ್ರ. ಆ ಭದ್ರತೆಯೇ ಅಪಾಯವಾಯಿತು. ಎಲ್ಲಾದರೂ ಬಾಗಿಲಿಗೆ ಕೈ ಸಿಕ್ಕಿದರೆ ಕೃತಕ ಉಗುರು ಮುರಿಯುವ ಬದಲು ಸ್ವಂತ ಉಗುರನ್ನೇ ಕಿತ್ತುಕೊಂಡು ಬರುತ್ತಿತ್ತು. 1970ರ ದಶಕದ ಆರಂಭದಲ್ಲಿ ದೂರುಗಳು ಬಂದಾಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೋರ್ಟಿಗೆ ಹೋಗಿ ಎಂಎಂಎ ದ್ರವವನ್ನು ಮಾರುಕಟ್ಟೆಯಿಂದ ತೆಗೆಸಿತು. ಅದರ ಜಾಗಕ್ಕೆ ಈಥೈಲ್ ಮೆಥಾಕ್ರಿಲೇಟ್ ಬಂತು. ಆದರೂ ಅಗ್ಗದ ಸರಕಿನ ಆಸೆ ಎಲ್ಲ ದೇಶದಲ್ಲೂ ಇದೆ. ಅಸಿಟೋನಿಗೆ ಜಗ್ಗದ, ಅರವನ್ನೇ ಸವೆಸುವ ಅಕ್ರಿಲಿಕ್ ಎದುರಾದಾಗ ಅನುಭವಸ್ಥ ಕೈ ಅಲ್ಲೇ ನಿಲ್ಲುತ್ತದೆ. ಎಲ್ಲಿ ಪ್ಲಾಸ್ಟಿಕ್ ಮುಗಿದು ಎಲ್ಲಿ ಉಗುರು ಶುರುವಾಗುತ್ತದೆಂದು ತಿಳಿಯದೆ ಯಂತ್ರ ಓಡಿಸಿದರೆ ಗಾಯವಾಗುವುದು ಗಿರಾಕಿಗೆ.

ಗಾಯ ಗಿರಾಕಿಗೆ, ಅಪವಾದ ಯಾರಿಗೆ? ಬೇರೆ ಸಲೂನಿನಲ್ಲಿ ಮೂರು ವಾರದ ಹಿಂದೆ ಹಾಕಿಸಿದ ಜೆಲ್ ಒಂದು ಬದಿಯಲ್ಲಿ ಎದ್ದಿರುತ್ತದೆ. ಆ ಸಂದಿಯಲ್ಲಿ ತೇವ ಸೇರಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರಿನ ಮೇಲೆ ಪಾಚಿ ಹಸಿರಿನ ಕಲೆ ಮಾಡಿರುತ್ತದೆ. ಜೆಲ್ ಇರುವತನಕ ಅದು ಕಾಣದು. ತೆಗೆದವಳ ಕೈಯಲ್ಲಿ ಅದು ಹೊರಬೀಳುತ್ತದೆ, 'ನೀವು ಮುಟ್ಟುವವರೆಗೆ ಚೆನ್ನಾಗಿತ್ತಲ್ಲ' ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಈ ಕುರ್ಚಿಯ ಮುಂದೆ ದಿನವೂ ನಿಜವಾಗುತ್ತದೆ. ಈಗ ಮಾತು ಅಲ್ಲಿಗೇ ನಿಲ್ಲುವುದೂ ಇಲ್ಲ. ಫೋನಿನಲ್ಲಿ ತೆಗೆದ ಫೋಟೊ ಒಂದು ನಕ್ಷತ್ರದ ರಿವ್ಯೂ ಜೊತೆ ಅದೇ ಸಂಜೆ ಊರಿಗೆಲ್ಲ ಕಾಣುತ್ತದೆ. ದೆಹಲಿಯ ಪಂಚತಾರಾ ಹೋಟೆಲಿನ ಸಲೂನೊಂದರಲ್ಲಿ ಕೆಟ್ಟುಹೋದ ಕ್ಷೌರಕ್ಕೆ 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2 ಕೋಟಿ ರೂಪಾಯಿ ಪರಿಹಾರ ಹೇಳಿತು. ಆ ಮೊಕದ್ದಮೆ ಆಮೇಲೆ ಸುಪ್ರೀಂ ಕೋರ್ಟ್ ಹತ್ತಿ ತಿರುವುಗಳನ್ನು ಕಂಡದ್ದು ಬೇರೆ ಮಾತು. ಸುದ್ದಿ ಓದಿದ ಸಲೂನು ಮಾಲೀಕರ ಮನಸ್ಸಿನಲ್ಲಿ ಉಳಿದದ್ದು ಆ ಅಂಕಿ.

ಬೇರೆಯವರ ಕೆಲಸಕ್ಕೆ ಕೈಹಾಕಲು ಹಿಂಜರಿಯುವುದು ಈ ಕಸುಬಿಗಷ್ಟೇ ಇರುವ ಗುಣವಲ್ಲ. ಒಬ್ಬ ದರ್ಜಿ ಹೊಲಿದ ರವಿಕೆಯನ್ನು ಇನ್ನೊಬ್ಬ ದರ್ಜಿಯ ಹತ್ತಿರ ಸಡಿಲ ಮಾಡಿಸಲು ಒಯ್ದರೆ ಅವನು ಮೊದಲು ಒಳಗಿನ ಹೊಲಿಗೆ ತಿರುವಿ ನೋಡಿ "ಇದನ್ನು ಯಾರು ಹೊಲಿದರು?" ಎನ್ನುತ್ತಾನೆ. ಹೊಸ ರವಿಕೆ ಹೊಲಿಯುವುದು ಸುಲಭ, ಇದನ್ನು ಬಿಚ್ಚುವುದು ಕಷ್ಟ ಎನ್ನುವುದು ಅವನ ಎರಡನೆಯ ಮಾತು. ಅರ್ಧ ಎದ್ದ ಗೋಡೆಯನ್ನು ಹೊಸ ಮೇಸ್ತ್ರಿ ಮುಂದುವರಿಸಲು ಒಪ್ಪುವುದಿಲ್ಲ. ಒಪ್ಪಿದರೆ ಎರಡು ವರಸೆ ಕೀಳಿಸಿಯೇ ಶುರು ಮಾಡುತ್ತಾನೆ. ವಕೀಲರಲ್ಲಂತೂ ಇದು ಬರವಣಿಗೆಯ ನಿಯಮ. ಒಬ್ಬರು ವಕಾಲತ್ತು ಹಾಕಿದ ಪ್ರಕರಣದಲ್ಲಿ ಇನ್ನೊಬ್ಬರು ನಿಲ್ಲಬೇಕಾದರೆ ಮೊದಲಿನವರ ಒಪ್ಪಿಗೆ ಬೇಕು, ಅದು ಸಿಗದಿದ್ದರೆ ನ್ಯಾಯಾಲಯದ ಅನುಮತಿ ಬೇಕು ಎನ್ನುತ್ತದೆ ಬಾರ್ ಕೌನ್ಸಿಲ್. ಚಿನ್ನದಂಗಡಿಯಲ್ಲಿ ತಮ್ಮಲ್ಲೇ ಕೊಂಡ ಒಡವೆಗೆ ಒಂದು ಲೆಕ್ಕ, ಬೇರೆಡೆಯದಕ್ಕೆ ಇನ್ನೊಂದು ಲೆಕ್ಕ. ಬೇರೆಡೆಯದಾದರೆ ಕರಗಿಸಿ ನೋಡಿಯೇ ಬೆಲೆ ಹೇಳುತ್ತಾರೆ. ಎಲ್ಲ ಕಡೆಯೂ ಒಳಗಿನ ಅನುಮಾನ ಒಂದೇ: ಮೇಲಿಂದ ಕಾಣುವುದರ ಕೆಳಗೆ ಏನಿದೆಯೋ.

ಅನುಮಾನಕ್ಕೆ ಬೆಲೆ ಕಟ್ಟುವುದು ನ್ಯಾಯವೇ. ಆದರೆ ರವಿಕೆ ಬಿಚ್ಚದಿದ್ದರೆ ಪೆಟ್ಟಿಗೆಯಲ್ಲಿಟ್ಟು ಬೇರೆ ಉಡಬಹುದು. ಬೆರಳನ್ನು ಪೆಟ್ಟಿಗೆಯಲ್ಲಿಡಲಾಗದು. ತೆಗೆಯಲೇಬೇಕಾದ ದಿನ ಬಂದಾಗ 'ಇದು ನಮ್ಮದಲ್ಲ' ಎಂಬ ಉತ್ತರ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದು ಪುಣೆಯಲ್ಲಿ ನೌಕರಿ ಮಾಡುವ ಧಾರವಾಡದ ಹೆಣ್ಣುಮಗಳೊಬ್ಬಳಿಗೆ ಒಂದು ಬುಧವಾರ ಸಂಜೆ ತಿಳಿಯಿತು.

ಆಕೆಯ ತಮ್ಮನ ಮದುವೆ ಹುಬ್ಬಳ್ಳಿಯಲ್ಲಿ ಆಗಿ ಮೂರು ವಾರ ಕಳೆದಿತ್ತು. ಮದುವೆಗೆಂದು ಅಲ್ಲಿಯ ಪಾರ್ಲರಿನಲ್ಲಿ ಕಟ್ಟಿಸಿಕೊಂಡ ಉದ್ದನೆಯ ಕಡುಗೆಂಪು ಉಗುರುಗಳು ಇನ್ನೂ ಹಾಗೇ ಇದ್ದವು. ಬುಡದಲ್ಲಿ ಮಾತ್ರ ಎರಡು ಮಿಲಿಮೀಟರಿನಷ್ಟು ಸ್ವಂತ ಉಗುರು ಇಣುಕಿತ್ತು. ಸೋಮವಾರ ರಾತ್ರಿ ಹೊಟ್ಟೆಯ ಬಲಭಾಗದಲ್ಲಿ ತಡೆಯಲಾಗದ ನೋವು. ಸ್ಕ್ಯಾನ್ ಮಾಡಿದಾಗ ಪಿತ್ತಕೋಶದಲ್ಲಿ ಕಲ್ಲು. ಗುರುವಾರ ಬೆಳಿಗ್ಗೆ ಏಳಕ್ಕೆ ಆಪರೇಶನ್ ಗೊತ್ತಾಯಿತು. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ರಾತ್ರಿ ಎಷ್ಟು ಗಂಟೆಯ ಮೇಲೆ ಊಟ ಮಾಡಬಾರದು, ಬಳೆ ಮೂಗುತಿ ಬಿಚ್ಚಿಡಬೇಕು ಎಂಬುದರ ಕೆಳಗೆ ಇನ್ನೊಂದು ಸಾಲು: ಉಗುರಿನ ಬಣ್ಣ ಮತ್ತು ಕೃತಕ ಉಗುರು ಪೂರ್ತಿ ತೆಗೆದಿರಬೇಕು.

ಈ ಸಾಲಿಗೆ ಕಾರಣ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆ ಪುಟ್ಟ ಚಿಮಟ ಉಗುರಿನ ಮೂಲಕ 660 ನ್ಯಾನೊಮೀಟರಿನ ಕೆಂಪು ಬೆಳಕನ್ನೂ 940ರ ಅವಕೆಂಪು ಬೆಳಕನ್ನೂ ಹಾಯಿಸುತ್ತದೆ. ಆಮ್ಲಜನಕ ಹೊತ್ತ ರಕ್ತ ಒಂದು ಬೆಳಕನ್ನು ಹೆಚ್ಚು ಹೀರಿದರೆ ಆಮ್ಲಜನಕ ಇಳಿಸಿದ ರಕ್ತ ಇನ್ನೊಂದನ್ನು ಹೆಚ್ಚು ಹೀರುತ್ತದೆ. ಎರಡರ ಅನುಪಾತದಿಂದ ಯಂತ್ರ ಅಂಕಿ ಹೇಳುತ್ತದೆ. ನಡುವೆ ಕಡುಬಣ್ಣದ ಗೋಡೆ ನಿಂತರೆ ಅಂಕಿ ತಪ್ಪಬಹುದು ಅಥವಾ ಬಾರದೆ ಹೋಗಬಹುದು. ಕಿವಿಯ ಹಾಲೆಗೆ ಸಿಕ್ಕಿಸಿ ನೋಡುವ ದಾರಿಯೂ ಇದೆ. ಆದರೂ ಮತ್ತು ಕೊಟ್ಟು ಮಲಗಿಸಿದವರ ಉಗುರು ನೀಲಿಗಟ್ಟುತ್ತಿದೆಯೇ, ಒತ್ತಿ ಬಿಟ್ಟಾಗ ರಕ್ತ ಮರಳುತ್ತಿದೆಯೇ ಎಂದು ಕಣ್ಣಾರೆ ನೋಡುವುದು ಆಸ್ಪತ್ರೆಯ ಹಳೆಯ ಪದ್ಧತಿ. ಅದಕ್ಕೆ ಬರಿಯ ಉಗುರು ಬೇಕು.

ಮನೆ ಹತ್ತಿರದ ಮೊದಲ ಸಲೂನಿನಲ್ಲಿ ಬೋರ್ಡು ತೋರಿಸಿ ಕಳಿಸಿದರು: ಬೇರೆ ಕಡೆಯದನ್ನು ಮುಟ್ಟುವುದಿಲ್ಲ. ಎರಡನೆಯದರಲ್ಲಿ ಹೊಸ ಸೆಟ್ ಹಾಕಿಸಿಕೊಂಡರೆ ಹಳೆಯದನ್ನು ತೆಗೆಯುತ್ತೇವೆ ಎಂದರು. ನಾಳೆ ಆಪರೇಶನ್ ಎಂದಾಗ ಕೌಂಟರಿನ ಹುಡುಗ ನಿಜವಾಗಿಯೂ ಮುಖ ಸಣ್ಣ ಮಾಡಿ, "ಮ್ಯಾಮ್, ಸಿಸ್ಟಮ್‌ನಲ್ಲಿ ಬರೀ ರಿಮೂವಲ್ ಅಂತ ಬಿಲ್ ಆಗಲ್ಲ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಯಾವುದೋ ಊರಿನ ಆಫೀಸಿನಲ್ಲಿ ಕೂತು ಆ ಪಟ್ಟಿ ಮಾಡಿದವರಿಗೆ ಇಂಥ ಗಿರಾಕಿಯೊಬ್ಬಳು ಬರಬಹುದೆಂದು ಹೊಳೆದಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಧಾರವಾಡದಿಂದ ಅವ್ವನ ಫೋನು. ರಾತ್ರಿಯ ರೈಲಿಗೆ ಹೊರಟಿದ್ದ ಆಕೆಗೆ ಆಪರೇಶನ್ನಿನ ಹೆದರಿಕೆಗಿಂತ ಈ ಸುದ್ದಿಯೇ ವಿಚಿತ್ರವಾಗಿ ಕಂಡಿತು. "ಏನ ಯವ್ವಾ, ಹಚ್ಚಿದ್ದು ತಗ್ಯಾಕೂ ಹಚ್ಚಿದವರನ್ನ ಹುಡಕ್ಕೊಂಡು ಹೋಗಬೇಕೇನು? ನಾವು ಮದರಂಗಿ ಹಚ್ಕೋತಿದ್ವಿ, ಅದು ತಾನ ಬೆಳಕೋತ ಹೋಗಿ ತುದೀಗೆ ಕೆಂಪು ಉಳೀತಿತ್ತು. ಉಗುರ ಕತ್ತರಿಸಿದಾಗ ಅದೂ ಹೋಗ್ತಿತ್ತು." ಮಗಳು ನಕ್ಕಳು, ನಕ್ಕರೆ ಹೊಟ್ಟೆ ನೋಯುತ್ತಿತ್ತು.

ಮೂರನೆಯ ಸಲೂನು ಮಾಳಿಗೆಯ ಮೇಲಿನ ಎರಡು ಕುರ್ಚಿಯ ಅಂಗಡಿ. ಅಲ್ಲಿದ್ದವಳು ಐಜಾಲ್ ಕಡೆಯ ಹುಡುಗಿ. ಈ ನಗರಗಳ ಸಲೂನುಗಳಲ್ಲಿ ಈಶಾನ್ಯದ ಹೆಣ್ಣುಮಕ್ಕಳು ಎಷ್ಟು ಮಂದಿ ದುಡಿಯುತ್ತಿದ್ದಾರೆಂಬುದು ಹೋಗಿಬಂದವರಿಗೆಲ್ಲ ಗೊತ್ತು. ಅವಳು ದರದ ಮಾತೆತ್ತಲಿಲ್ಲ. ಬೆರಳನ್ನು ದೀಪದಡಿ ತಿರುಗಿಸಿ ನೋಡಿ ಹಿಂದಿಯಲ್ಲಿ ಕೇಳಿದಳು, "ದೀದಿ, ಇದೇನು ಹಾಕಿದ್ದಾರೆ?" ಆಕೆಗೆ ಗೊತ್ತಿರಲಿಲ್ಲ. "ಹಾಕಿದವರ ನಂಬರ್ ಇದೆಯಾ?"

ನಂಬರ್ ತಮ್ಮನ ಹೆಂಡತಿಯ ಬಳಿ ಇತ್ತು. ಎಂಟು ಗಂಟೆಗೆ ಹುಬ್ಬಳ್ಳಿಯ ಪಾರ್ಲರಿನ ಹೆಣ್ಣುಮಗಳು ಫೋನಿಗೆ ಸಿಕ್ಕಳು. ಸ್ಪೀಕರಿನಲ್ಲಿ ಅವಳ ದನಿ: "ಅಕ್ಕಾರ, ಅದು ಅಕ್ರಿಲಿಕ್ ಅಲ್ರಿ, ಹಾರ್ಡ್ ಜೆಲ್ ಐತ್ರಿ. ಅಸಿಟೋನ್‌ದಾಗ ಎಷ್ಟ ನೆನಸಿದ್ರೂ ಬಿಡಂಗಿಲ್ರಿ, ಸುಮ್ನ ಚರ್ಮ ಸುಡ್ತೈತಿ. ಫೈಲ್ ಹಚ್ಚಿ ಇಳಸಬೇಕ್ರಿ. ಒಳಗ ಟಿಪ್ ಇಲ್ರಿ, ಫಾರ್ಮ್ ಇಟ್ಟ ಕಟ್ಟೀನಿ. ಕೆಂಪು ಮುಗದ ಮ್ಯಾಲ ಒಂದು ಬಿಳೀ ಪಾರದರ್ಶಕ ಪದರ ಬರ್ತೈತ್ರಿ, ಅಲ್ಲಿಗೆ ನಿಲ್ಲಸ್ರಿ ಅಂತ ಹೇಳ್ರಿ." ಹೇಳಿ ಮುಗಿಸಿ, ಬಳಸಿದ ಡಬ್ಬಿಯ ಫೋಟೊವನ್ನು ವಾಟ್ಸಾಪಿಗೆ ಹಾಕಿದಳು. ಧಾರವಾಡದವಳು ಒಂದೊಂದೇ ಮಾತನ್ನು ಹಿಂದಿಗೆ ತಿರುಗಿಸಿ ಹೇಳುತ್ತ ಹೋದಳು. ಐಜಾಲಿನವಳು ಡಬ್ಬಿಯ ಹೆಸರು ನೋಡಿ ತಲೆಯಾಡಿಸಿ ಎರಡು ಪ್ರಶ್ನೆ ಕೇಳಿದಳು, ಅವೂ ಕನ್ನಡಕ್ಕೆ ತಿರುಗಿ ಹುಬ್ಬಳ್ಳಿಗೆ ಹೋದವು. ಒಬ್ಬರನ್ನೊಬ್ಬರು ಎಂದೂ ನೋಡದ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರು ಕಸುಬುದಾರರು ಐದು ನಿಮಿಷ ಹತ್ತು ಬೆರಳುಗಳ ಬಗ್ಗೆ ಮಾತಾಡಿದರು.

ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಮೊದಲು ಉದ್ದವನ್ನು ಕತ್ತರಿಸಿ, ಆಮೇಲೆ ಯಂತ್ರದಿಂದ ಕೆಂಪನ್ನು ಇಳಿಸಿ, ಪಾರದರ್ಶಕ ಪದರ ಕಂಡೊಡನೆ ಯಂತ್ರ ಬದಿಗಿಟ್ಟು ಕೈಯರ ಹಿಡಿದಳು. ತೋರುಬೆರಳು ಎರಡನ್ನೂ ಮೊದಲು ಮುಗಿಸಿದಳು. "ಹೊತ್ತಾದರೆ ಆಸ್ಪತ್ರೆಗೆ ಇವೆರಡಾದರೂ ಇರಲಿ." ಒಂದು ಹಂತದಲ್ಲಿ ಗಿರಾಕಿ ಇನ್ನೂ ಸ್ವಲ್ಪ ತಿಕ್ಕು ಎಂದಾಗ ಅವಳು ಒಪ್ಪಲಿಲ್ಲ. ಉಳಿದ ತೆಳು ಪದರದ ಮೂಲಕ ಉಗುರಿನ ಗುಲಾಬಿ ಬಣ್ಣ ಕಾಣುತ್ತಿತ್ತು, ಬೆಳಕು ಹಾಯಲು ಅಷ್ಟು ಸಾಕು. "ಇದರ ಕೆಳಗಿರೋದು ನಿಮ್ಮದು. ಇನ್ನು ತಿಕ್ಕಿದರೆ ಅದೇ ಹೋಗುತ್ತೆ. ಇದು ಬೆಳೆದು ಹೋಗಲಿ ಬಿಡಿ." ಅವ್ವ ಮದರಂಗಿಯ ಬಗ್ಗೆ ಹೇಳಿದ್ದೂ ಇದನ್ನೇ.

ಮರುದಿನ ಆಪರೇಶನ್ ಸುಸೂತ್ರವಾಗಿ ಆಯಿತು. ನರ್ಸು ಬೆರಳು ನೋಡಿ ಏನೂ ಅನ್ನಲಿಲ್ಲ. ಇಡೀ ಪ್ರಸಂಗದ ಫಲ ಅದೇ: ಯಾರೂ ಏನೂ ಅನ್ನದಿರುವುದು.

ಆ ಮೂರು ಅಂಗಡಿಗಳಲ್ಲಿ ಮೂರು ನೀತಿಗಳಿದ್ದವು. ಮೊದಲನೆಯದು ಅಪವಾದಕ್ಕೆ ಹೆದರಿದ್ದು. ಹೆದರಿಕೆ ಅರ್ಥವಾಗುತ್ತದೆ, ಆದರೆ ಅಲ್ಲಿಂದ ತಿರುಗಿ ಹೋದವರಲ್ಲಿ ಹೆಚ್ಚಿನವರು ಮನೆಯಲ್ಲಿ ಕಿತ್ತುಕೊಳ್ಳುತ್ತಾರೆ, ಇಲ್ಲವೇ ಅಡುಗೆಮನೆಯ ಚಾಕುವನ್ನೇ ಹಿಡಿಯುತ್ತಾರೆ. ಬೇಡವೆಂದ ಅಂಗಡಿಗೆ ಆ ಗಾಯ ಕಾಣುವುದಿಲ್ಲ. ಎರಡನೆಯದು ಹೆದರಿಕೆಯ ವೇಷ ಹಾಕಿದ ವ್ಯಾಪಾರ. ತೆಗೆಯುವುದು ನಿಜವಾಗಿ ಅಪಾಯದ ಕೆಲಸವಾದರೆ ಹೊಸ ಸೆಟ್ ಹಾಕಿಸಿಕೊಂಡ ಮಾತ್ರಕ್ಕೆ ಆ ಅಪಾಯ ಕಡಿಮೆಯಾಗದು. ಅಷ್ಟೇ ಅಲ್ಲ, ಒಳಗೆ ಹಸಿರು ಕಲೆಯಿದ್ದರೆ ಅಥವಾ ಉಗುರು ಸವೆದಿದ್ದರೆ ಅದೇ ದಿನ ಮೇಲೆ ಹೊಸದನ್ನು ಹಚ್ಚಲೇಬಾರದು. ಬರೀ ತೆಗೆಸಲು ಬಂದವರಿಗಿಂತ ತೆಗೆಸಿ ಹಚ್ಚಿಸಿಕೊಳ್ಳುವವರ ಉಗುರೇ ಹೆಚ್ಚು ಕಷ್ಟಕ್ಕೆ ಸಿಗುವುದು.

ಮೂರನೆಯವಳು ಏನು ಹಾಕಿದೆ ಎಂದು ಕೇಳಿದಳು, ತಿಳಿದ ಮೇಲೆ ಮುಟ್ಟಿದಳು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು. ಕೊನೆಗೆ ದರಪಟ್ಟಿಯಲ್ಲಿದ್ದ ದೊಡ್ಡ ಅಂಕಿಯನ್ನೇ ತೆಗೆದುಕೊಂಡಳು. ಅದು ಅವಳಿಗೆ ಸಲ್ಲಬೇಕಾದದ್ದೇ. ಒಂದೂವರೆ ಗಂಟೆ ಮುಖಗವಸು ಹಾಕಿಕೊಂಡು ಬೇರೊಬ್ಬರ ಕೆಲಸದ ಧೂಳನ್ನು ಎದುರಿಗಿಟ್ಟುಕೊಂಡು ಕೂತವಳು ಅವಳು. ಆ ಹೊತ್ತಿನಲ್ಲಿ ಒಂದು ಹೊಸ ಸೆಟ್ ಮಾಡಿದ್ದರೆ ಅಂಗಡಿಗೂ ಅವಳಿಗೂ ಹೆಚ್ಚು ಸಿಗುತ್ತಿತ್ತು. ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೂ ಹಾಕಬಹುದಿತ್ತು. ತೆಗೆದ ಉಗುರಿನ ಫೋಟೊ ಯಾರೂ ಹಾಕುವುದಿಲ್ಲ. ಚೆನ್ನಾಗಿ ತೆಗೆದ ಕೆಲಸದ ಗುರುತೇ ಅಲ್ಲಿ ಏನೂ ಕಾಣದಿರುವುದು. ಕಾಣದ ಕೆಲಸಕ್ಕೆ ದುಡ್ಡು ಕೊಡಲು ನಮ್ಮಲ್ಲಿ ಎಲ್ಲರಿಗೂ ಕೈ ಹಿಂದೆ.

ಹಾಗೆಂದು ಭಾರವನ್ನೆಲ್ಲ ತೆಗೆಯುವವಳ ಮೇಲೆ ಹೊರಿಸುವುದೂ ಸರಿಯಲ್ಲ. ಹಚ್ಚುವವರು ತಾವು ಹಚ್ಚಿದ್ದೇನೆಂದು ಬರೆದುಕೊಟ್ಟಿದ್ದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲ. ಡಾಕ್ಟರ ಚೀಟಿಯಿಲ್ಲದೆ ಇನ್ನೊಬ್ಬ ಡಾಕ್ಟರ ಬಳಿ ಹೋದರೆ ಮೊದಲಿಂದ ಪರೀಕ್ಷೆ ಶುರುವಾಗುತ್ತದೆ. ಇಲ್ಲಿಯೂ ಅಷ್ಟೆ. ಹೆಸರು, ಬಗೆ, ತಾರೀಖು, ಅಸಿಟೋನಿಗೆ ಬಿಡುತ್ತದೆಯೋ ಇಲ್ಲವೋ ಎಂಬ ನಾಲ್ಕು ಮಾತು ಬಿಲ್ಲಿನ ಹಿಂದೆ ಬರೆದರೆ ಸಾಕು. ಭಾರತದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಅದರೊಳಗಿನ ಪದಾರ್ಥಗಳ ಹೆಸರಿರಬೇಕು. ಆದರೆ ಡಬ್ಬಿ ಉಳಿಯುವುದು ಸಲೂನಿನ ಕಪಾಟಿನಲ್ಲಿ, ಪದಾರ್ಥ ಊರೂರು ತಿರುಗುವುದು ಗಿರಾಕಿಯ ಬೆರಳಿನಲ್ಲಿ.

ಆ ಹೆಸರುಗಳು ತೆಗೆಯುವ ದಿನಕ್ಕೆ ಮಾತ್ರ ಬೇಕಾದವಲ್ಲ. ಜೆಲ್‌ಗಳಲ್ಲಿ ಬಳಸುವ ಹೆಮಾ ಎಂಬ ರಾಸಾಯನಿಕಕ್ಕೆ ಕೆಲವರ ಚರ್ಮ ಒಗ್ಗುವುದಿಲ್ಲ. ದೀಪ ಸರಿಹೊಂದದೆ ಜೆಲ್ ಅರೆಬರೆ ಗಟ್ಟಿಯಾದಾಗ, ಚರ್ಮಕ್ಕೆ ತಾಗಿದಾಗ ಆ ಅಲರ್ಜಿ ಹುಟ್ಟುವ ಸಂಭವ ಹೆಚ್ಚು. ಒಮ್ಮೆ ಹುಟ್ಟಿದರೆ ಅದು ಬಹುಮಟ್ಟಿಗೆ ಜೀವನಪೂರ್ತಿ ಉಳಿಯುತ್ತದೆ. ಮುಂದೆ ಹಲ್ಲು ತುಂಬಿಸುವಾಗ ಬಳಸುವ ಅದೇ ಕುಟುಂಬದ ವಸ್ತುಗಳೂ ತೊಂದರೆ ಕೊಡಬಹುದು. ಜೆಲ್ ಗಟ್ಟಿಯಾಗಲು ನೆರವಾಗುವ ಟಿಪಿಒ ಎಂಬುದನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ನಾಳೆ ಇಂಥ ಇನ್ನೊಂದು ಸುದ್ದಿ ಬಂದಾಗ ತನ್ನ ಬೆರಳಲ್ಲಿ ಅದು ಇತ್ತೋ ಇಲ್ಲವೋ ಎಂದು ತಿಳಿಯಲು ಗಿರಾಕಿಯ ಬಳಿ ಏನಿದೆ? 'ಕಡುಗೆಂಪು' ಎಂಬ ನೆನಪೊಂದೇ.

ಊರಿಂದೂರಿಗೆ ಹೋಗುವವರಿಗೆ ಇದು ಇನ್ನೂ ಹೆಚ್ಚು ತಾಗುವ ಮಾತು. ಚೆನ್ನೈಯಲ್ಲಿರುವವರು ಮೈಸೂರಿನ ಮದುವೆಗೆ ಹೋಗಿ ಅಲ್ಲೇ ಹಚ್ಚಿಸಿಕೊಂಡು ಬರುತ್ತಾರೆ. ದೆಹಲಿಯಲ್ಲಿ ಹಾಕಿಸಿದ್ದು ವರ್ಗಾವಣೆಯ ಜೊತೆ ಮುಂಬೈಗೆ ಬರುತ್ತದೆ. ನೌಕರಿಗಾಗಿ ಊರು ಬಿಟ್ಟವರ ಮೈಮೇಲೆ ಹೀಗೆ ಬೇರೆ ಬೇರೆ ಊರಿನ ಕೈಕೆಲಸ ಇದ್ದೇ ಇರುತ್ತದೆ: ಹುಬ್ಬಳ್ಳಿಯ ದರ್ಜಿಯ ಹೊಲಿಗೆ, ಉಡುಪಿಯ ದಂತವೈದ್ಯರು ತುಂಬಿದ ಹಲ್ಲು, ಬೆಳಗಾವಿಯ ಅಕ್ಕಸಾಲಿಗ ಮಾಡಿದ ಬಳೆ. ಹೊಸ ಊರಿನ ಕೈಗಳು ಅದನ್ನು ಬಿಚ್ಚಬೇಕು, ತಿದ್ದಬೇಕು, ಮುಂದುವರಿಸಬೇಕು. 'ನಮ್ಮದಲ್ಲದ್ದನ್ನು ಮುಟ್ಟೆವು' ಎಂಬ ಮಾತು ಹುಟ್ಟಿದೂರಲ್ಲೇ ಇರುವವರಿಗೆ ಬರೀ ಅನನುಕೂಲ. ಹೊರಗಿನಿಂದ ಬಂದವರಿಗೆ ಅದು ಮುಚ್ಚಿದ ಬಾಗಿಲು.

ಒಳ್ಳೆಯ ನೀತಿಯೊಂದನ್ನು ಬರೆಯುವುದು ಅಷ್ಟು ಕಷ್ಟವೇನಲ್ಲ. ಯಾರು ಹಚ್ಚಿದ್ದಾದರೂ ತೆಗೆಯುತ್ತೇವೆ. ಏನೆಂದು ಗೊತ್ತಿದ್ದರೆ ಒಂದು ದರ, ಗೊತ್ತಿಲ್ಲದಿದ್ದರೆ ಹಿಡಿಯುವ ಹೊತ್ತಿಗೆ ತಕ್ಕ ದರ. ಅದನ್ನು ಕುರ್ಚಿಯಲ್ಲಿ ಕೂರಿಸುವ ಮೊದಲೇ ಹೇಳುತ್ತೇವೆ. ಒಳಗೆ ಸಿಕ್ಕಿದ್ದನ್ನು ತೋರಿಸುತ್ತೇವೆ, ಫೋಟೊ ತೆಗೆದಿಡುತ್ತೇವೆ. ಕೀವು, ಊತ, ಗಾಯ ಇದ್ದರೆ ಮಾತ್ರ ಮುಟ್ಟದೆ ಚರ್ಮದ ಡಾಕ್ಟರ ಬಳಿ ಕಳಿಸುತ್ತೇವೆ. ಗಿರಾಕಿಯ ಪಾಲಿಗೂ ಒಂದು ಸಾಲಿದೆ: ಹಚ್ಚಿಸಿಕೊಂಡು ಏಳುವ ಮೊದಲು ಡಬ್ಬಿಯ ಫೋಟೊ ಒಂದನ್ನು ತೆಗೆದಿಟ್ಟುಕೊಳ್ಳುವುದು. ಅರ್ಧ ನಿಮಿಷದ ಕೆಲಸ. ಮುಂದೊಂದು ದಿನ ಬೇರೆ ಊರಿನಲ್ಲಿ, ಬೇರೆ ಭಾಷೆಯ ಹುಡುಗಿಯೊಬ್ಬಳು ಆ ಬೆರಳುಗಳನ್ನು ದೀಪದಡಿ ತಿರುಗಿಸಿ ಏನಿದು ಎಂದು ಕೇಳಿದಾಗ ಕೊಡಲು ಒಂದು ಉತ್ತರವಾದರೂ ಇರುತ್ತದೆ.